ಮನೆ ಖಾಲಿ ಮಾಡಿ ಅಂತ ನೋಟಿಸ್ ಬಂತಾ? ಮೊದಲು ಆ ಲಕೋಟೆ ಎತ್ತಿಡಿ

ದುಗ್ಗಮ್ಮನ ಜಾತ್ರೆ ಬಂದ ವರ್ಷ ದಾವಣಗೆರೆಯಲ್ಲಿ ಬಾಡಿಗೆ ತಡವಾಗುವುದು ಹೊಸದೇನಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ನೆಂಟರನ್ನು ಕರೆಯದೆ ಇರೋಕಾಗಲ್ಲ, ಕುರಿ ರೇಟು ಕೇಳೋ ಹಾಗಿಲ್ಲ. ನಿಟ್ಟುವಳ್ಳಿಯಲ್ಲಿ ನಾವು ಬಾಡಿಗೆಗಿದ್ದಾಗ ಜಾತ್ರೆಯ ತಿಂಗಳದ್ದು ಒಂದು, ಜಾತ್ರೆಯ ಸಾಲ ತೀರಿಸಿದ ತಿಂಗಳದ್ದು ಒಂದು, ಹೀಗೆ ಎರಡು ಬಾಡಿಗೆ ನಿಂತವು. ಮೂರನೇ ತಿಂಗಳು ಪೋಸ್ಟ್‌ಮನ್ ವಕೀಲರ ಲಕೋಟೆ ತಂದುಕೊಟ್ಟರು. ನಮ್ಮತ್ತೆ ಆವತ್ತೇ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಲು ಕೂತರು!

ಅಷ್ಟು ಗಾಬರಿ ಬೇಡ. ಅದನ್ನು ಬರೆದವರು ಮಾಲೀಕರ ವಕೀಲರು, ಕೋರ್ಟ್ ಅಲ್ಲ. ನೀವಾಗಿ ಬಿಡದಿದ್ದರೆ ಮಾಲೀಕರು ದಾವೆ ಹೂಡಬೇಕು, ಡಿಕ್ರಿ, ಅಂದರೆ ಕೋರ್ಟಿನ ತೀರ್ಪು, ಆಗಬೇಕು, ಆಮೇಲೂ ಬಿಡದಿದ್ದರೆ ಆ ತೀರ್ಪನ್ನು ಜಾರಿ ಮಾಡಿಸಿ ಎಂದು ಅಮಲ್ಜಾರಿ ಅರ್ಜಿ ಹಾಕಿ, ಅದನ್ನು ಜಾರಿ ಮಾಡುವ ಕೋರ್ಟಿನ ಅಮೀನರನ್ನು ಕರೆಸಬೇಕು. ಹಾಗಂತ ನೋಟಿಸನ್ನು ಮಡಚಿ ದೇವರ ಫೋಟೊ ಹಿಂದೆ ಸಿಕ್ಕಿಸಿ ಸುಮ್ನೆ ಕೂರುವುದೂ ತಪ್ಪು.

"ತಗೋಬೇಡಿ, ವಾಪಸ್ ಕಳಿಸಿ" ಎಂದು ಹೇಳುವವರು ಬೀದಿಗೊಬ್ಬರು ಸಿಗುತ್ತಾರೆ. ಕೇಳಬೇಡಿ. ಸರಿಯಾದ ವಿಳಾಸಕ್ಕೆ ಬಂದ ನೋಟಿಸನ್ನು ನೀವೇ ಬೇಡ ಅಂದರೆ, ಕೋರ್ಟ್ ಸಾಮಾನ್ಯವಾಗಿ ಅದು ನಿಮಗೆ ಮುಟ್ಟಿದೆ ಎಂದೇ ಹಿಡಿಯುತ್ತದೆ. ಏನು ಬರೆದಿದ್ದಾರೆ ಅಂತಲೂ ಗೊತ್ತಾಗಲ್ಲ, ದಿನವೂ ಓಡುತ್ತಿರುತ್ತದೆ. ಸಹಿ ಹಾಕಿ ತೆಗೆದುಕೊಳ್ಳಿ. ಲಕೋಟೆಯ ಮೇಲೆ ಆ ದಿನದ ತಾರೀಖು ಬರೆದು ಎತ್ತಿಡಿ, ಏಕೆಂದರೆ ಲೆಕ್ಕ ಶುರುವಾಗುವುದು ನೋಟಿಸ್ ಬರೆದ ದಿನದಿಂದ ಅಲ್ಲ, ನಿಮ್ಮ ಕೈಗೆ ಬಂದ ದಿನದಿಂದ.

ಈಗ ಓದಿ. ಎಷ್ಟು ದಿನ ಕೊಟ್ಟಿದ್ದಾರೆ, ಎಷ್ಟು ಬಾಕಿ ಎಂದಿದ್ದಾರೆ, ಯಾವ ತಿಂಗಳದ್ದು? ಪಾಸ್‌ಬುಕ್, ಫೋನ್‌ಪೇ ಲೆಕ್ಕ ತೆಗೆದು ತಿಂಗಳು ತಿಂಗಳು ತಾಳೆ ನೋಡಿ. ನಮ್ಮ ನೋಟಿಸಿನಲ್ಲಿ ಮೂರು ತಿಂಗಳ ಬಾಕಿ ಎಂದಿತ್ತು. ಒಂದನ್ನು ನಮ್ಮನೆಯವರು ಕೈಯಲ್ಲೇ ಕೊಟ್ಟಿದ್ದರು, ಚೀಟಿ ಮಾತ್ರ ಬರೆಸಿಕೊಂಡಿರಲಿಲ್ಲ. ಅದನ್ನು ಒಪ್ಪಿಸಲು ಪಟ್ಟ ಪಾಡು ನಮಗೇ ಗೊತ್ತು.

ಇನ್ನು ಕಾನೂನು. ಇಲ್ಲಿ ತುಂಬಾ ಜನ ಎಡವುತ್ತಾರೆ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಬಾಡಿಗೆದಾರರಿಗೆ ಒಳ್ಳೆಯ ರಕ್ಷಣೆ ಕೊಡುತ್ತದೆ. ಬಾಕಿ ಕೇಳಿ ನೋಟಿಸ್ ಬಂದ ಮೇಲೆ ಪೂರ್ತಿ ಕಟ್ಟಲು ಎರಡು ತಿಂಗಳು ಸಿಗುತ್ತದೆ, ಒಮ್ಮೆ ಈ ಅನುಕೂಲ ಪಡೆದು ಮತ್ತೆ ಬಾಕಿ ಉಳಿಸಿಕೊಂಡರೆ ಇಲ್ಲ. ಆದರೆ ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದರೆ ಈ ಕಾಯ್ದೆಯೇ ಬರುವುದಿಲ್ಲ. ಈಗ ವಿದ್ಯಾನಗರದಲ್ಲಿ ಆ ದುಡ್ಡಿಗೆ ಮನೆ ಎಲ್ಲಿ ಸಿಗುತ್ತೆ ಹೇಳಿ?

ಹಾಗಾಗಿ ನಮ್ಮಲ್ಲಿ ಹೆಚ್ಚಿನವರ ಲೆಕ್ಕ 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ಬರುತ್ತದೆ. ತಿಂಗಳ ಬಾಡಿಗೆಯ ಮನೆಗೆ 15 ದಿನದ ನೋಟಿಸ್ ಸಾಕು. ಕರಾರು ಪತ್ರದಲ್ಲಿ ಒಂದು ತಿಂಗಳು, ಎರಡು ತಿಂಗಳು ಎಂದಿದ್ದರೆ ಅದೇ ನಡೆಯುತ್ತದೆ, ಹುಡುಕಿ ನೋಡಿ. ಕಹಿಯಾದರೂ ಹೇಳಿಬಿಡುತ್ತೇನೆ: ಇಲ್ಲಿ ಬಾಕಿ ಪೂರ್ತಿ ಕಟ್ಟಿದರೂ, ಕರಾರಿನ ಅವಧಿ ಮುಗಿದು ತಿಂಗಳ ಲೆಕ್ಕದಲ್ಲಿ ಇದ್ದೀರಿ ಅಂದರೆ, ಮಾಲೀಕರು ಮನೆ ಬಿಡಿ ಎನ್ನಬಹುದು. ಅವಧಿ ಇನ್ನೂ ಉಳಿದಿದ್ದು ಬಾಕಿಗಾಗಿಯೇ ದಾವೆ ಹೂಡಿದ್ದರೆ ಬೇರೆ ಮಾತು. ವಿಚಾರಣೆ ವೇಳೆ ಬಾಕಿ, ಬಡ್ಡಿ, ದಾವೆಯ ಖರ್ಚು ಎಲ್ಲ ಕಟ್ಟಿದರೆ ಕೋರ್ಟ್ ನಿಮ್ಮನ್ನು ಉಳಿಸಬಹುದು. ಉಳಿಸಲೇಬೇಕು ಅಂತೇನಿಲ್ಲ.

ಅಷ್ಟಾದರೂ ಮೊದಲು ದುಡ್ಡು ಕಟ್ಟಿ ಅನ್ನುತ್ತೇನೆ. ಬಾಕಿ ಇಟ್ಟುಕೊಂಡು ಮಾತಾಡುವವರಿಗೆ ಬೆಲೆ ಇಲ್ಲ. ಬ್ಯಾಂಕ್ ಮೂಲಕ ಕಳಿಸಿ, "ಏಪ್ರಿಲ್ ಬಾಡಿಗೆ" ಅಂತ ಜೊತೆಗೇ ಬರೆಯಿರಿ. ಪೂರ್ತಿ ಇಲ್ಲದಿದ್ದರೆ ಇದ್ದಷ್ಟು ಈಗ, ಉಳಿದದ್ದಕ್ಕೆ ತಾರೀಖು. ನೋಟಿಸ್ ಕೊಟ್ಟ ಮೇಲೆ ಬಾಡಿಗೆ ಮುಟ್ಟಿದರೆ ನೋಟಿಸೇ ಬಿದ್ದುಹೋಗುತ್ತದೆ ಅನ್ನುವ ಭಯಕ್ಕೆ ಕೆಲವರು ತೆಗೆದುಕೊಳ್ಳುವುದಿಲ್ಲ. ಆಗ ಡಿಡಿ ಮಾಡಿಸಿ ಪತ್ರದ ಜೊತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ವಾಪಸ್ ಬಂದರೆ ಒಡೆಯದೆ ಹಾಗೇ ಇಡಿ. "ಅಡ್ವಾನ್ಸ್‌ನಲ್ಲೇ ಹಿಡ್ಕೊಳ್ಳಿ" ಅನ್ನುವುದು ಮಾಲೀಕರು ಒಪ್ಪಿ ಬರೆದುಕೊಟ್ಟರೆ ಮಾತ್ರ.

ನೋಟಿಸಿಗೆ ಉತ್ತರವನ್ನೂ ಬರೆಯಬೇಕು. ಉದ್ದ ಬೇಡ, ಕಷ್ಟ ಸುಖ ತೋಡಿಕೊಳ್ಳುವುದೂ ಬೇಡ. ಹೀಗೆ ಸಾಕು: "ತಮ್ಮ ನೋಟಿಸ್ ಇಂಥ ದಿನ ತಲುಪಿದೆ. ಮಾರ್ಚ್ ಮತ್ತು ಏಪ್ರಿಲ್ ಬಾಡಿಗೆ ಬಾಕಿ ಇರುವುದು ನಿಜ. ಫೆಬ್ರವರಿ ಬಾಡಿಗೆ ಕೊಟ್ಟಿದ್ದೇನೆ. ಮಾರ್ಚ್ ಬಾಡಿಗೆಯನ್ನು ಈ ದಿನ ಖಾತೆಗೆ ಹಾಕಿದ್ದೇನೆ, ಏಪ್ರಿಲ್‌ನದ್ದನ್ನು ಇಂಥ ದಿನದೊಳಗೆ ಕಟ್ಟುತ್ತೇನೆ." ವಕೀಲರಿಗೂ ಮಾಲೀಕರಿಗೂ ಒಂದೊಂದು ಪ್ರತಿ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹರಿಹರ, ಚನ್ನಗಿರಿ ಕಡೆಯವರಿಗೆ ತಾಲ್ಲೂಕು ಸಮಿತಿ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ನೆರವು ಉಚಿತ. ಸಹಾಯವಾಣಿ 15100.

ಕಾಗದದ ಕೆಲಸ ಮುಗಿಸಿ ಮಾಲೀಕರ ಮನೆಗೂ ಹೋಗಿ. ನಾವು ಹೋದಾಗ ಗೊತ್ತಾಗಿದ್ದು, ಆ ಯಜಮಾನರು ಮನೆ ಸಾಲದ ಕಂತನ್ನು ನಮ್ಮ ಬಾಡಿಗೆಯಲ್ಲೇ ಕಟ್ಟುತ್ತಿದ್ದರು. "ನೀವು ಒಂದು ಫೋನಾದ್ರೂ ಮಾಡಬಾರದಿತ್ತಾ ಅಮ್ಮಾ" ಅಂದರು. ನನಗೆ ನಾಚಿಕೆಯಾಯಿತು. ಬಾಕಿಯನ್ನು ಮೂರು ಸಲಕ್ಕೆ ಕೊಡುವುದು, ದಸರಾ ರಜೆಯಲ್ಲಿ ಮನೆ ಬಿಡುವುದು ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು.

ಎಲ್ಲರಿಗೂ ಅಂಥ ಯಜಮಾನರು ಸಿಗಲ್ಲ. ನೀವಿಲ್ಲದಾಗ ಬೀಗ ಜಡಿದರೆ, ಸಾಮಾನು ಹೊರಗೆ ಹಾಕಿದರೆ ಮೊದಲು ಫೋಟೊ ತೆಗೆಯಿರಿ, 112ಕ್ಕೆ ಫೋನ್ ಮಾಡಿ. ಬೀಗ ನೀವೇ ಒಡೆಯಬೇಡಿ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ, ಕಾನೂನು ಬಿಟ್ಟು ಹೊರಹಾಕಿದರೆ 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಕೇಳಬಹುದು. ಕರೆಂಟ್ ತೆಗೆಸಿದರೆ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಹಿಡಿದು ಬೆಸ್ಕಾಂ ಕಚೇರಿಗೆ ಲಿಖಿತ ದೂರು ಕೊಡಿ.

ಕೋರ್ಟಿನಿಂದ ಸಮನ್ಸ್ ಬಂದರೆ ಮಾತ್ರ ತಡ ಮಾಡಬೇಡಿ. ಲಿಖಿತ ಹೇಳಿಕೆಗೆ, ಅಂದರೆ ದಾವೆಗೆ ನೀವು ಕೋರ್ಟಿಗೆ ಬರೆದುಕೊಡುವ ಉತ್ತರಕ್ಕೆ, 30 ದಿನ. ಹೋಗದಿದ್ದರೆ ಎಕ್ಸ್‌ಪಾರ್ಟಿ ಡಿಕ್ರಿ ಆಗುತ್ತದೆ, ಅಂದರೆ ನಿಮ್ಮ ಮಾತು ಕೇಳದೆಯೇ ತೀರ್ಪು. ರಾಜಿಗೆ ಮನಸ್ಸಿದ್ದರೆ, ಇಬ್ಬರನ್ನೂ ಕೂರಿಸಿ ರಾಜಿಯಲ್ಲಿ ಕೇಸು ಮುಗಿಸುವ ಲೋಕ ಅದಾಲತ್‌ಗೆ ಕಳಿಸಿ ಎಂದು ಕೇಳಿ.

ಮನೆ ಬಿಡುವ ದಿನ ಮೀಟರ್ ರೀಡಿಂಗ್ ಫೋಟೊ ತೆಗೆಯಿರಿ, ಅಡ್ವಾನ್ಸ್‌ನಲ್ಲಿ ಸುಣ್ಣ ಬಣ್ಣಕ್ಕೆ ಎಷ್ಟು ಹಿಡಿದರು ಎಂದು ಬರೆಸಿಕೊಳ್ಳಿ. ಕೀ ಕೊಟ್ಟಿದ್ದಕ್ಕೂ ಸಹಿ ತೆಗೆದುಕೊಳ್ಳಿ, ಇಲ್ಲದಿದ್ದರೆ ನೀವು ಯಾವತ್ತು ಬಿಟ್ಟಿರಿ ಎನ್ನುವುದೇ ಮುಂದೆ ಜಗಳವಾಗುತ್ತದೆ.