ಡ್ಯೂಟಿ ಡಾಕ್ಟರ ನಿದ್ದೆ: ವಂಶದ್ದೆಷ್ಟು, ಕೆಲಸದ್ದೆಷ್ಟು (ನನ್ನ ಅನುಭವ)

ಒಂದೇ ಆಸ್ಪತ್ರೆ, ಒಂದೇ ರೋಸ್ಟರ್. ನೈಟ್ ಡ್ಯೂಟಿ ಮುಗಿಸಿದ ಇಬ್ಬರಲ್ಲಿ ಒಬ್ಬರಿಗೆ ತಲೆ ದಿಂಬಿಗೆ ತಾಗಿದರೆ ಸಾಕು, ಇನ್ನೊಬ್ಬರು ಮಧ್ಯಾಹ್ನದವರೆಗೂ ಹೊರಳಾಡುತ್ತಾರೆ. ಅವಳಿಗಳ ಮೇಲಿನ ಅಧ್ಯಯನಗಳು ಹೇಳುವಂತೆ, ನಿದ್ರಾಹೀನತೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಶೇ. 30ರಿಂದ 50ರಷ್ಟಕ್ಕೆ ವಂಶವಾಹಿಗಳು ಕಾರಣ. ಹಾಗೆಂದು ಇದನ್ನು ಹಣೆಬರಹ ಎನ್ನಲಾಗದು. ವಂಶ ಕೊಡುವುದು ಒಲವನ್ನು ಮಾತ್ರ. ಡ್ಯೂಟಿ ಅದನ್ನು ಕೆರಳಿಸುತ್ತದೆ. ಆಮೇಲೆ ನಾವು ಹಿಡಿಯುವ ದಾರಿಗಳು, ಅಂದರೆ ಹೊತ್ತಲ್ಲದ ಹೊತ್ತಿನ ಕಾಫಿ, ಹಗಲಿಡೀ ಮಲಗುವುದು, ಡ್ರಾಯರಿನಲ್ಲಿರುವ ನಿದ್ದೆ ತರಿಸುವ ಮಾತ್ರೆ ಆಲ್‌ಪ್ರಜೋಲಾಮ್, ಅದನ್ನು ಬೇರೂರಿಸುತ್ತವೆ. ನಾನು ಮೊದಲು ತಿದ್ದಲು ಹೊರಡುವುದು ಈ ದಾರಿಗಳನ್ನೇ.

ಶುರುವಿಗೆ ಎರಡು ವಾರದ ನಿದ್ದೆ ಲೆಕ್ಕ. ಮಲಗಿದ ಹೊತ್ತು, ನಿದ್ದೆ ಹತ್ತಿದ ಅಂದಾಜು ಹೊತ್ತು, ಎಷ್ಟು ಸಲ ಎಚ್ಚರ, ಎದ್ದ ಹೊತ್ತು, ಕಾಫಿ ಕುಡಿದ ಹೊತ್ತು. ಹಾಸಿಗೆಯಲ್ಲಿ 450 ನಿಮಿಷ ಇದ್ದು 360 ನಿಮಿಷ ನಿದ್ದೆಯಾದರೆ ನಿದ್ದೆಯ ದಕ್ಷತೆ ಶೇ. 80. ಅದು ಶೇ. 85ರ ಕೆಳಗೆ ಇದ್ದರೆ ಗಮನ ಬೇಕು. ನಿದ್ದೆಯ ಗುಣಮಟ್ಟ ಅಳೆಯಲು 1989ರಲ್ಲಿ ಬಂದ ಪಿಟ್ಸ್‌ಬರ್ಗ್ ಪ್ರಶ್ನಾವಳಿಯೂ ಇದೆ: 19 ಪ್ರಶ್ನೆ, ಒಟ್ಟು 21 ಅಂಕ, 5 ದಾಟಿದರೆ ನಿದ್ದೆ ಚೆನ್ನಾಗಿಲ್ಲ ಎಂದರ್ಥ. ಆದರೆ ಅದು ಇಡೀ ತಿಂಗಳನ್ನು ಒಟ್ಟಿಗೆ ಕೇಳುತ್ತದೆ, ಶಿಫ್ಟ್ ಕೆಲಸದವರಿಗೆ ಅಲ್ಲೇ ಎಡವಟ್ಟು. ನೈಟ್ ಡ್ಯೂಟಿಯ ದಿನ, ಆನ್‌ಕಾಲ್ ದಿನ, ರಜೆಯ ದಿನ ಮೂರನ್ನೂ ಬೇರೆ ಬೇರೆ ಬರೆದರೆ ಮಾತ್ರ ನಿಜ ಕಾಣುತ್ತದೆ. ಫೋನ್ ಒಮ್ಮೆಯೂ ಬಾರದ ಆನ್‌ಕಾಲ್ ರಾತ್ರಿಯಲ್ಲೂ ಗಾಢ ನಿದ್ದೆ ಕಡಿಮೆ; ಬರಬಹುದೆಂಬ ಕಾಯುವಿಕೆಯೇ ಅದನ್ನು ತಿನ್ನುತ್ತದೆ. ಆಸ್ಪತ್ರೆಯ ನಂಬರಿಗೆ ಮಾತ್ರ ಜೋರಾದ ಬೇರೆ ರಿಂಗ್‌ಟೋನ್ ಇಟ್ಟು ಉಳಿದದ್ದನ್ನೆಲ್ಲ ಸೈಲೆಂಟ್ ಮಾಡಬೇಕು. ನೆಟ್‌ವರ್ಕ್ ಹೋಗುವ ಕ್ವಾರ್ಟರ್ಸ್‌ಗಳಲ್ಲಿ ಲ್ಯಾಂಡ್‌ಲೈನ್ ಇದ್ದರೆ ಮನಸ್ಸಿಗೆ ಇನ್ನೂ ನಿರಾಳ.

ವಂಶದ ಪಾಲು ತಿಳಿಯಲು ಜೀನ್ ಪರೀಕ್ಷೆಗೆ ದುಡ್ಡು ಸುರಿಯುವುದು ಬೇಡ. ನಿದ್ದೆಯ ಹೊತ್ತಿಗೂ ಕೆಫೀನಿನ ಪ್ರಭಾವಕ್ಕೂ ನಂಟಿರುವ ಪಿಇಆರ್3, ಎಡಿಒಆರ್‌ಎ2ಎ, ಸಿವೈಪಿ1ಎ2 ಮುಂತಾದ ಜೀನ್‌ಗಳ ಒಂದೊಂದರ ಪ್ರಭಾವ ಸಣ್ಣದು, ವರದಿ ನೋಡಿ ರೋಸ್ಟರ್ ಹಾಕಲಾಗದು. ಬದಲಿಗೆ, ಒಂದು ವಾರದ ರಜೆ ಸಿಕ್ಕಾಗ ಮೊದಲ ಮೂರು ದಿನ ಬಾಕಿ ನಿದ್ದೆ ತೀರಲಿ. ನಾಲ್ಕನೇ ದಿನದಿಂದ ಅಲಾರಂ ಇಲ್ಲದೆ ಮಲಗಿ ಎದ್ದು, ನಿದ್ದೆಯ ನಡುಗಂಟೆ ಗುರುತಿಸಿ. ರಾತ್ರಿ 11ಕ್ಕೆ ಮಲಗಿ 7ಕ್ಕೆ ಎದ್ದರೆ ಅದು 3 ಗಂಟೆ. ನಾನು ಇಟ್ಟುಕೊಂಡ ಗೆರೆ ಹೀಗೆ: 3ಕ್ಕಿಂತ ಮುಂಚೆ ಬಂದರೆ ಬೆಳಗಿನವರು, 5 ದಾಟಿದರೆ ರಾತ್ರಿಯವರು. ಸಹೋದ್ಯೋಗಿಗಳು ಒಪ್ಪಿದರೆ ರಾತ್ರಿಯವರಿಗೆ ಒಂದೆರಡು ನೈಟ್ ಹೆಚ್ಚು, ಬೆಳಗಿನವರಿಗೆ ಬೆಳಗಿನ ಓಪಿಡಿ ಹೆಚ್ಚು. ಇಷ್ಟು ಅದಲುಬದಲು ಮಾಡಿಕೊಂಡರೂ ಬಹಳ ಹಗುರ.

ಕೊಡಗಿನಲ್ಲಿ ಕಾಫಿಯ ಮಾತು ಹೆಚ್ಚೇ ಆಡಬೇಕು. ನಮ್ಮ ತೋಟಗಳ ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇದೆ: 10 ಗ್ರಾಂ ಅರೇಬಿಕಾ ಪುಡಿಯಲ್ಲಿ 120 ಮಿ.ಗ್ರಾಂ ಆಸುಪಾಸು, ರೊಬಸ್ಟಾದಲ್ಲಿ 220ರ ಮೇಲೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಹಾಗಾಗಿ ಡಿಕಾಕ್ಷನ್ನಿನ ಕಪ್ಪು ಬಣ್ಣ ನೋಡಿ ಕೆಫೀನ್ ಅಳೆಯಬೇಡಿ. ಕೆಫೀನಿನ ಅರ್ಧ ಕರಗಲು ಸರಾಸರಿ 5 ಗಂಟೆ ಬೇಕು, ಯಕೃತ್ತಿನ ಸಿವೈಪಿ1ಎ2 ಕಿಣ್ವ ನಿಧಾನವಿದ್ದವರಿಗೆ ಇನ್ನೂ ಹೆಚ್ಚು. ಗರ್ಭನಿರೋಧಕ ಮಾತ್ರೆ ಆ ಅವಧಿಯನ್ನು ಸುಮಾರು ದುಪ್ಪಟ್ಟು ಮಾಡುತ್ತದೆ, ಬಸುರಿನ ಕೊನೆಯ ತಿಂಗಳುಗಳಲ್ಲಿ ಅದು ಮತ್ತೂ ಉದ್ದ. ಸಂಜೆ 4ಕ್ಕೆ ಒಳಹೋದ 100 ಮಿ.ಗ್ರಾಂನಲ್ಲಿ ರಾತ್ರಿ 9ಕ್ಕೆ 50 ಉಳಿದಿರುತ್ತದೆ. ಹತ್ತು ದಿನ ಮಧ್ಯಾಹ್ನ 12ರ ನಂತರ ಕಾಫಿ ಬಿಟ್ಟು ನೋಡಿ. ನಿದ್ದೆ ಹತ್ತುವ ಹೊತ್ತು ಅರ್ಧಕ್ಕಿಳಿದರೆ ನಿಮ್ಮ ದೇಹದ ಗುಣ ಗೊತ್ತಾಯಿತು. ಸಂಜೆಯ ಬೆಲ್ಲದ ಕಾಫಿಗೂ ಇದೇ ಲೆಕ್ಕ.

ನೈಟ್ ಡ್ಯೂಟಿಯ ದಿನ ಮಧ್ಯಾಹ್ನ 2ರಿಂದ 3.30ರವರೆಗೆ ಮಲಗುತ್ತೇನೆ. ಕೊನೆಯ ಕಾಫಿ ರಾತ್ರಿ 1ಕ್ಕೆ. ಕ್ಯಾಶುವಾಲ್ಟಿ ತಣ್ಣಗಿದ್ದರೆ 2ರಿಂದ 3ರೊಳಗೆ 20 ನಿಮಿಷದ ಕಿರುನಿದ್ದೆ. 40-50 ನಿಮಿಷ ಮಲಗಿದರೆ ಗಾಢ ನಿದ್ದೆಯಿಂದ ಎಬ್ಬಿಸಿದಂತಾಗಿ ತಲೆ ಅರ್ಧ ಗಂಟೆ ಮಂಕು. ಎದ್ದ ಮೊದಲ 15 ನಿಮಿಷ ಮಕ್ಕಳ ಡೋಸ್ ಬರೆಯುವುದಿಲ್ಲ. ತುರ್ತಿದ್ದರೆ ಲೆಕ್ಕವನ್ನು ಸಿಸ್ಟರ್ ಗಟ್ಟಿಯಾಗಿ ಓದಿ ಹೇಳಬೇಕು, ನಾನು ಹೌದೆನ್ನಬೇಕು. ಬೆಳಿಗ್ಗೆ ಮನೆಯಲ್ಲಿ 9ರಿಂದ 12.30, ಅದಕ್ಕಿಂತ ಹೆಚ್ಚಲ್ಲ. ಸಂಜೆಯವರೆಗೆ ಮಲಗಿದರೆ ಆ ರಾತ್ರಿಯ ನಿದ್ದೆಯೂ ಹೋಯಿತು.

ಕಕ್ಕಡದ ಮಳೆಗಾಲದಲ್ಲಿ ಇನ್ನೊಂದು ತೊಡಕು, ಬೆಳಕಿನದು. ವಾರ್ಡಿನೊಳಗೆ 200-300 ಲಕ್ಸ್ ಇದ್ದರೆ ಹೆಚ್ಚು. ಮೋಡ ಕವಿದ ಹಗಲಲ್ಲೂ ಹೊರಗೆ ಸಾವಿರ ದಾಟುತ್ತದೆ. ಡ್ಯೂಟಿ ಇಲ್ಲದ ಬೆಳಿಗ್ಗೆ ಕೊಡೆ ಹಿಡಿದು ಅರ್ಧ ಗಂಟೆ ಹೊರಗೆ ನಡೆದರೆ ದೇಹದ ಗಡಿಯಾರ ಜಾರುವುದಿಲ್ಲ.

ಮನೆತನದಲ್ಲಿ ಜೋರು ಗೊರಕೆ ಇದ್ದರೆ ಉಸಿರುಕಟ್ಟುವಿಕೆಗೆ ನಿದ್ದೆ ಪರೀಕ್ಷೆ ಮಾಡಿಸಿ. ರಾತ್ರಿ ಕಾಲು ಚಡಪಡಿಸುವುದು ಅಪ್ಪ ಅಮ್ಮನಿಗೂ ಇತ್ತೆಂದರೆ ರಕ್ತದ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನಿನ ಸೂಚಕ) ನೋಡಿ. ಅದು ಮಿ.ಲೀ.ಗೆ 75 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಕಬ್ಬಿಣಾಂಶದ ಚಿಕಿತ್ಸೆಯ ಬಗ್ಗೆ ಬೇರೊಬ್ಬ ವೈದ್ಯರನ್ನು ಕೇಳಿ. ನಿದ್ದೆ ಮಾತ್ರೆಯೂ ಹಾಗೆಯೇ, ತನಗೆ ತಾನೇ ಬರೆದುಕೊಳ್ಳುವುದು ಖಂಡಿತ ಬೇಡ.

17 ಗಂಟೆ ಎಚ್ಚರವಿದ್ದವರ ಕೈಕಣ್ಣು ರಕ್ತದಲ್ಲಿ ಶೇ. 0.05 ಮದ್ಯವಿದ್ದವರಷ್ಟೇ ಮಂದ. ಗಾಡಿ ಓಡಿಸುವವರಿಗೆ ನಮ್ಮ ದೇಶದ ಕಾನೂನಿನ ಮಿತಿ ಶೇ. 0.03. ನೈಟ್ ಮುಗಿದ ಬೆಳಿಗ್ಗೆ ಸಂಪಾಜೆ ಘಾಟಿ ಇಳಿಯಬೇಕಾದವರು ಮೊದಲು ಡ್ಯೂಟಿ ರೂಮಿನಲ್ಲಿ ಒಂದೂವರೆ ಗಂಟೆ ಮಲಗಿ, ಮುಖ ತೊಳೆದು, ಅರ್ಧ ಗಂಟೆ ಬಿಟ್ಟು ಗಾಡಿ ತೆಗೆಯಿರಿ. ಅಷ್ಟು ಹೊತ್ತಿಲ್ಲದಿದ್ದರೆ ಬಸ್ ಹತ್ತಿ.