ಪ್ಲಾನ್ ಏರಿಸದೆ 429 ನಿಲ್ಲಿಸಿದ್ದು

429 ಅಂದರೆ ಮಿತಿ ಮೀರಿ ರಿಕ್ವೆಸ್ಟ್ ಕಳಿಸಿದಾಗ ಎದುರಿನ ಸರ್ವರ್ ಕೊಡುವ ಎರರ್. ನಮ್ಮ ಆಪ್‌ಗೆ ಬ್ಯಾಂಕ್ ಡೇಟಾ ತರುವಾಗ ಅದು ಪದೇ ಪದೇ ಬರುತ್ತಿತ್ತು. ಡೇಟಾ ಕೊಡುವವರ ದೊಡ್ಡ ಪ್ಲಾನ್ ತಗೊಳ್ಳದೆ ಅದನ್ನು ನಿಲ್ಲಿಸೋದು ಆಗೋ ಮಾತಲ್ಲ ಅಂತ ಬೆಂಗಳೂರಿನ ಗೆಳೆಯರೆಲ್ಲ ಹೇಳಿದ್ದರು. ಆ ಪ್ಲಾನ್‌ಗೆ ತಿಂಗಳಿಗೆ ನಲವತ್ತು ಸಾವಿರದ ಹತ್ತಿರ. ನಾವು ತಗೊಳ್ಳಲಿಲ್ಲ. ಹಳೇ ಪ್ಲಾನ್‌ನಲ್ಲೇ ನಡೆಯುತ್ತಿದೆ, ಲಾಗ್‌ನಲ್ಲಿ 429 ಈಗ ಅಪರೂಪ.

ನಮ್ಮದು ಶಿವಮೊಗ್ಗದಿಂದ ನಡೆಸುವ ಮನೆಖರ್ಚಿನ ಆಪ್. ಬಳಸುವವರಲ್ಲಿ ಅರ್ಧಕ್ಕೂ ಜಾಸ್ತಿ ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಅಡಿಕೆ ಬೆಳೆಗಾರರು, ಉಳಿದವರು ಸಂಬಳದವರು. ಬ್ಯಾಂಕ್ ಡೇಟಾ ಬರೋದು ಅಕೌಂಟ್ ಅಗ್ರಿಗೇಟರ್ (ಗ್ರಾಹಕರ ಒಪ್ಪಿಗೆ ಪಡೆದು ಬ್ಯಾಂಕ್ ಡೇಟಾ ದಾಟಿಸುವ ಸಂಸ್ಥೆ) ಮೂಲಕ, ನಡುವೆ ಒಂದು ಪಾಲುದಾರ ಸಂಸ್ಥೆ. ನಿಮಿಷಕ್ಕೆ ಅರವತ್ತು ರಿಕ್ವೆಸ್ಟ್ ಮಿತಿ, ಪ್ರತಿ ಫೆಚ್‌ಗೂ, ಅಂದರೆ ಡೇಟಾ ತರುವ ಪ್ರತಿ ಸಲಕ್ಕೂ, ದುಡ್ಡು.

ತಿಂಗಳ 1ನೇ ತಾರೀಕು ಬೆಳಿಗ್ಗೆ ಸಂಬಳದವರೆಲ್ಲ ಒಟ್ಟಿಗೆ ಆಪ್ ತೆರೆಯುತ್ತಾರೆ. ಮೂವತ್ತು ಸೆಕೆಂಡ್ ಬಿಟ್ಟು ರಿಟ್ರೈ ಮಾಡಿದರೆ ಸೋತ ರಿಕ್ವೆಸ್ಟ್‌ಗಳೆಲ್ಲ ಮತ್ತೆ ಒಂದೇ ಸಲ ನುಗ್ಗುತ್ತಿದ್ದವು, ಹಬ್ಬದ ಹಿಂದಿನ ದಿನ ಬಸ್ ಬಾಗಿಲಿಗೆ ಜನ ನುಗ್ಗುವ ಹಾಗೆ. ಎಕ್ಸ್‌ಪೊನೆನ್ಷಿಯಲ್ ಬ್ಯಾಕಾಫ್ (ಸೋತಷ್ಟೂ ಕಾಯುವ ಹೊತ್ತು ಹೆಚ್ಚಿಸೋದು), ಜಿಟರ್ (ಆ ಹೊತ್ತನ್ನು ಒಂದಿಷ್ಟು ಹೆಚ್ಚುಕಡಿಮೆ ಮಾಡೋದು) ಎರಡೂ ಹಾಕಿದೆವು. 429 ಇಳಿಯಿತು, ಆದರೆ ಡೇಟಾ ಒಂದೆರಡು ಗಂಟೆ ತಡ. ಬಿಲ್ ಮಾತ್ರ ಹಾಗೇ, ಹದಿನೆಂಟು ಸಾವಿರದ ಆಸುಪಾಸು.

ಲಾಗ್ ಕೂತು ಓದಿದಾಗ ಎರಡು ವಿಷಯ ಕಂಡವು. ಒಂದು, ಮಿತಿಯ ಅರ್ಧ ಭಾಗ ‘ಡೇಟಾ ರೆಡಿ ಆಯ್ತಾ’ ಅಂತ ಪದೇ ಪದೇ ಕೇಳೋದಕ್ಕೇ ಹೋಗುತ್ತಿತ್ತು. ಅದನ್ನು ಪೂರ್ತಿ ತೆಗೆದು, ರೆಡಿ ನೋಟಿಫಿಕೇಷನ್ ಬಂದ ಮೇಲಷ್ಟೇ ಫೆಚ್ ಮಾಡಿದೆವು. ಎರಡು, ಬೆಳೆಗಾರರ ಖಾತೆ. ಮಂಡಿಯಲ್ಲಿ ರಾಶಿ ಇಡಿ ಅಡಿಕೆ ಮಾರಿದಾಗ ದೊಡ್ಡ ಮೊತ್ತ ಬರುತ್ತದೆ, ಆಮೇಲೆ ವಾರಗಟ್ಟಲೆ ಏನೂ ಅಲುಗಾಡೋದಿಲ್ಲ. ಅಂಥ ಖಾತೆಯನ್ನು ದಿನಕ್ಕೆ ನಾಲ್ಕು ಸಲ ಯಾಕೆ ಕೇಳಬೇಕು, ಅಲ್ವಾ?

ಈಗ ಪ್ರತಿ ಖಾತೆಗೂ ಅದರದ್ದೇ ಅಂತರ. ಹೊಸ ವಹಿವಾಟು ಸಿಕ್ಕರೆ ಅಂತರ ಕಡಿಮೆ, ಖಾಲಿ ಬಂದರೆ ಜಾಸ್ತಿ. ಎಷ್ಟು ಅನ್ನೋ ಲೆಕ್ಕ ಇಲ್ಲಿ ಬರೆಯೋದಿಲ್ಲ, ಅದು ನಮ್ಮ ಹೊಟ್ಟೆಪಾಡು. ರಿಕ್ವೆಸ್ಟ್ ಕಳಿಸುವ ಎಲ್ಲ ವರ್ಕರ್ ಪ್ರೋಗ್ರಾಂಗಳಿಗೂ ಸೇರಿ ರೆಡಿಸ್‌ನಲ್ಲಿ (ಮೆಮೊರಿಯಲ್ಲಿ ಡೇಟಾ ಇಡುವ ಡೇಟಾಬೇಸ್) ಒಂದೇ ಟೋಕನ್ ಬಕೆಟ್, ಅಂದರೆ ಟೋಕನ್ ಸಿಕ್ಕರಷ್ಟೇ ರಿಕ್ವೆಸ್ಟ್ ಬಿಡುವ ಲೆಕ್ಕ, ಮಿತಿಯ ಶೇ 80ಕ್ಕೆ ಕಟ್ಟಿದ್ದು. ಆಪ್ ತೆರೆದು ಕೂತವರ ರಿಕ್ವೆಸ್ಟ್ ಮೊದಲು, ಉಳಿದದ್ದು ರಾತ್ರಿ. ಗ್ರಾಹಕರು ಕೊಡುವ ಕನ್ಸೆಂಟ್‌ನಲ್ಲೇ (ಒಪ್ಪಿಗೆ) ಎಷ್ಟು ಸಲ ಫೆಚ್ ಮಾಡಬಹುದು ಅಂತ ಬರೆದಿರುತ್ತದೆ, ಅದಕ್ಕೆ ಬೇರೆ ಕೌಂಟರ್ ಇಡಲೇಬೇಕು. ಆ ಲೆಕ್ಕ ಮುಗಿದಿದ್ದರೆ ರಿಟ್ರೈಗೆ ಎಷ್ಟು ಕಾದರೂ ಪ್ರಯೋಜನ ಇಲ್ಲ.

ಪ್ರತಿ ಸಲ ಪೂರ್ತಿ ಇತಿಹಾಸ ತರೋದಿಲ್ಲ, ಕೊನೆಯ ಐದು ದಿನ ಮಾತ್ರ ಮತ್ತೆ ತರುತ್ತೇವೆ. ಯಾಕೆಂದರೆ ಕೆಲವು ಎಂಟ್ರಿಗಳು ತಡವಾಗಿ ಬೀಳುತ್ತವೆ. ಹಾಗೆ ಮತ್ತೆ ತಂದಾಗ ಯಾವುದು ಹಳೆಯದು, ಯಾವುದು ಹೊಸದು ಅಂತ ಗುರುತಿಸಬೇಕು. ಒಂದೇ ಅಂಗಡಿಗೆ ಒಂದೇ ದಿನ ಎರಡು ಸಲ 20 ರೂಪಾಯಿ ಯುಪಿಐ ಮಾಡಿದರೆ ತಾರೀಕು, ಮೊತ್ತ, ನರೇಷನ್ (ಬ್ಯಾಂಕ್ ಬರೆಯುವ ವಿವರ) ನೋಡಿದರೆ ಎರಡೂ ಒಂದೇ ಥರ ಕಾಣಬಹುದು. ವಹಿವಾಟಿನ ನಂತರದ ಬ್ಯಾಲೆನ್ಸನ್ನೂ ಹ್ಯಾಶ್‌ಗೆ (ವಹಿವಾಟಿನ ವಿವರಗಳಿಂದ ಮಾಡುವ ಗುರುತಿನ ಕೋಡ್) ಸೇರಿಸಿದ ಮೇಲೆ ಆ ಗೊಂದಲ ಹೋಯಿತು.

ನಡುವೆ ಬ್ಯಾಂಕಿನ ಎಸ್ಎಂಎಸ್ ಬಂದಾಗ ಮಾತ್ರ ಫೆಚ್ ಮಾಡೋ ಪ್ರಯೋಗವೂ ನಡೆಯಿತು. ಸಂಬಳದವರಿಗೆ ಚೆನ್ನಾಗಿ ಆಯಿತು. ಹೊಸನಗರದ ಒಳಗಿನ ಮನೆಗಳಲ್ಲಿ ಸಿಗ್ನಲ್ ಇಲ್ಲ, ಪೇಟೆಗೆ ಬಂದಾಗ ಎರಡು ದಿನದ ಎಸ್ಎಂಎಸ್ ಒಟ್ಟಿಗೆ ಬಂದು ಕ್ಯೂ ತುಂಬುತ್ತಿತ್ತು. ಕೈಬಿಟ್ಟೆವು.

ಬಿಲ್ ಈಗ ಆರೇಳು ಸಾವಿರ. ಕೊಯ್ಲಿನ ಸಮಯದಲ್ಲಿ ಒಂಬತ್ತಕ್ಕೆ ಹೋಗುತ್ತದೆ. ಒಂದು ಬ್ಯಾಂಕ್ ಮಾತ್ರ ರಾತ್ರಿ ಹೊತ್ತು ತುಂಬ ನಿಧಾನ, ಅದಕ್ಕೆ ಪ್ರತ್ಯೇಕ ಬಕೆಟ್ ಕಟ್ಟಿ ಬೆಳಗಿನ ಜಾವಕ್ಕೆ ತಳ್ಳಿ ನೋಡುತ್ತಿದ್ದೇನೆ.