ವಿಮಾನದ ಟಿಕೆಟ್ ಲೆಕ್ಕ ಮನೆ ಬಾಗಿಲಿಂದಲೇ ಶುರುವಾಗಲಿ

ರಾಯಚೂರಿನ ನಮ್ಮ ಅಕ್ಕನ ಮನೆಯವರು ಹೋದ ವರ್ಷ ಕಾಶಿಗೆ ಹೊರಟರು. ಅಕ್ಕ, ಮಾವ, ಮಾವನ ಅವ್ವ, ಮಗಳು. ಒಟ್ಟು ನಾಲ್ಕು ಜನ. ಒಂದು ಸಂಜೆ ಅಕ್ಕ ಫೋನ್ ಮಾಡಿ, “ತಮ್ಮಾ, ಬೆಂಗಳೂರಿಂದ ಟಿಕೆಟ್ ಭಾಳ ಅಗ್ಗ ಅದ, ತಗೊಂಡ್ಬಿಡ್ಲೇನು?” ಅಂದಳು. ಸ್ವಲ್ಪ ತಡಿ ಅಕ್ಕ ಅಂದೆ. ಆ ರಾತ್ರಿ ಫೋನಿನಲ್ಲೇ ನಾವಿಬ್ಬರೂ ಹುಡುಕಿದ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಬಳ್ಳಾರಿ, ಕೊಪ್ಪಳದವರಿಗೂ ಇದೇ ದಾರಿ.

ಮೊದಲು ನಿಲ್ದಾಣ, ಆಮೇಲೆ ದರ

ಒಂದು ಹಾಳೆ ತಗೊಳ್ಳಿ. ಮನೆಯಿಂದ ಹೋಗಬಹುದಾದ ವಿಮಾನ ನಿಲ್ದಾಣಗಳನ್ನು ಬರೆಯಿರಿ. ಬಳ್ಳಾರಿಯವರಿಗೆ ತೋರಣಗಲ್ಲಿನ ನಿಲ್ದಾಣ ಹತ್ತಿರ. ಆ್ಯಪ್‌ನಲ್ಲಿ ಬಳ್ಳಾರಿ ಅಂತ ಹುಡುಕಿದರೆ ಸಿಗದಿರಬಹುದು, ವಿದ್ಯಾನಗರ ಅಂತ ಹಾಕಿ ನೋಡಿ. ಅಲ್ಲಿಂದ ವಿಮಾನಗಳು ಕಡಿಮೆ, ಹಾಗಾಗಿ ದಿನ ಮತ್ತು ಸಮಯ ನಿಮಗೆ ಹೊಂದಬೇಕು. ಕೊಪ್ಪಳದವರಿಗೆ ಹುಬ್ಬಳ್ಳಿ ಇದೆ, ರೈಲೂ ಇದೆ. ರಾಯಚೂರಿನವರು ಹೈದರಾಬಾದನ್ನು ನೋಡದೆ ಮುಂದೆ ಹೋಗಲೇಬೇಡಿ.

ಅಕ್ಕನ ಲೆಕ್ಕವನ್ನೇ ನೋಡಿ. ರಾಯಚೂರಿಂದ ಬೆಂಗಳೂರು 400 ಕಿಲೋಮೀಟರ್ ದಾಟುತ್ತದೆ. ಹೈದರಾಬಾದ್ ಸುಮಾರು 200. ಇನ್ನೊಂದು ಅನುಕೂಲವೂ ಇದೆ. ಮಹಬೂಬನಗರದ ಮೇಲೆ ಹೋದರೆ ಶಂಷಾಬಾದ್ ಊರು ಹೈದರಾಬಾದ್‌ಗಿಂತ ಮೊದಲೇ ಸಿಗುತ್ತದೆ. ನಿಲ್ದಾಣ ಇರುವುದೂ ಅಲ್ಲೇ. ಅಲ್ಲಿ ಇಳಿಸುತ್ತೀರಾ ಅಂತ ಕಂಡಕ್ಟರ್‌ರನ್ನು ಮೊದಲೇ ಕೇಳಿಟ್ಟರೆ ಸಿಟಿಯೊಳಗೆ ಹೋಗಿ ವಾಪಸ್ ಬರುವ ಕೆಲಸ ತಪ್ಪುತ್ತದೆ. ಬೆಂಗಳೂರಾದರೆ ಮೆಜೆಸ್ಟಿಕ್‌ನಲ್ಲಿ ಇಳಿದು ಮತ್ತೆ ನಿಲ್ದಾಣಕ್ಕೆ ಹೋಗುವ ವಾಯುವಜ್ರ ಬಸ್ಸಿನಲ್ಲಿ ಸುಮಾರು 35 ಕಿಲೋಮೀಟರ್ ಹೋಗಬೇಕು. ಬೆಳಗಿನ ಜಾವದ ವಿಮಾನ ಅಂದರೆ ಹಿಂದಿನ ರಾತ್ರಿ ಲಾಡ್ಜ್ ಬೇರೆ. ಟಿಕೆಟ್‌ನಲ್ಲಿ ತಲೆಗೆ 500 ರೂಪಾಯಿ ಉಳಿದರೂ ದಾರಿಯಲ್ಲಿ ಅದಕ್ಕಿಂತ ಜಾಸ್ತಿ ಹೋಗುತ್ತದೆ, ಅಲ್ವಾ? ಅವ್ವನಂಥ ವಯಸ್ಸಾದವರು ಜೊತೆಗಿದ್ದರೆ ಈ ಲೆಕ್ಕ ಇನ್ನೂ ಮುಖ್ಯ.

ದಿನಾಂಕ

ಹಲವು ಕಂಪನಿಗಳ ದರ ಒಟ್ಟಿಗೆ ತೋರಿಸುವ ಗೂಗಲ್ ಫ್ಲೈಟ್ಸ್ ಅಥವಾ ಸ್ಕೈಸ್ಕ್ಯಾನರ್ ತೆರೆದು ಕ್ಯಾಲೆಂಡರ್ ಒತ್ತಿ. ಇಡೀ ತಿಂಗಳ ದರ ದಿನದಿನಕ್ಕೆ ಕಾಣುತ್ತದೆ. ಶುಕ್ರವಾರ ಸಂಜೆ, ಭಾನುವಾರ ರಾತ್ರಿ, ದಸರಾ, ದೀಪಾವಳಿ ಸಾಮಾನ್ಯವಾಗಿ ದುಬಾರಿ. ವಾರದ ನಡುವಿನ ದಿನಗಳಲ್ಲಿ ಕಡಿಮೆ ಸಿಗುವುದೇ ಹೆಚ್ಚು. ದೇಶದೊಳಗಿನ ಪ್ರಯಾಣಕ್ಕೆ ಒಂದೆರಡು ತಿಂಗಳ ಮೊದಲೇ ನೋಡಲು ಶುರುಮಾಡಿ. ದರ ಇಳಿದರೆ ತಿಳಿಸುವ ಅಲರ್ಟ್ ಇಟ್ಟುಬಿಡಿ, ದಿನಾ ಸುಮ್ನೆ ಹುಡುಕುವುದು ತಪ್ಪುತ್ತದೆ.

ಒಬ್ಬರಿಗೆ ಹುಡುಕಿ, ಆಮೇಲೆ ನಾಲ್ವರಿಗೆ

ಇದು ಜಾಸ್ತಿ ಜನರಿಗೆ ಗೊತ್ತಿಲ್ಲ. ಒಂದೇ ವಿಮಾನದ ಸೀಟುಗಳನ್ನು ಕಂಪನಿಗಳು ಹಲವು ದರದ ಗುಂಪು ಮಾಡಿ ಮಾರುತ್ತವೆ. ಅಗ್ಗದ ಗುಂಪು ಮುಗಿದರೆ ಅದರ ಮೇಲಿನದು ತೆರೆಯುತ್ತದೆ. ಅಗ್ಗದ ದರದಲ್ಲಿ ಎರಡೇ ಸೀಟು ಉಳಿದಿದ್ದು, ನೀವು ನಾಲ್ಕು ಕೇಳಿದರೆ, ಸಾಮಾನ್ಯವಾಗಿ ನಾಲ್ಕಕ್ಕೂ ಮೇಲಿನ ದರವೇ ಬರುತ್ತದೆ. ಅಗ್ಗದ ಎರಡು ಸೀಟು ಇದ್ದದ್ದು ನಿಮಗೆ ಗೊತ್ತೇ ಆಗುವುದಿಲ್ಲ.

ಅಕ್ಕನಿಗೂ ಹಾಗೇ ಆಗಿತ್ತು. ನಾಲ್ಕು ಹಾಕಿದಾಗ ಒಂದು ದರ, ಒಂದು ಹಾಕಿದಾಗ ಅದಕ್ಕಿಂತ ಕಡಿಮೆ. ಎರಡು ಹಾಕಿದೆವು, ಕಡಿಮೆ ದರವೇ ಇತ್ತು. ಮೂರು ಹಾಕಿದ ಕೂಡಲೇ ಏರಿತು. ಎರಡೆರಡಾಗಿ ಬುಕ್ ಮಾಡಿದೆವು. ಹೀಗೆ ಮಾಡುವಾಗ ಒಂದು ಎಚ್ಚರ ಬೇಕು. ಪಿಎನ್‌ಆರ್, ಅಂದರೆ ಬುಕಿಂಗ್ ನಂಬರ್, ಬೇರೆಯಾದರೆ, ವಿಮಾನ ರದ್ದಾದಾಗ ಕಂಪನಿ ನಿಮ್ಮನ್ನು ಎರಡು ಬೇರೆ ವಿಮಾನಕ್ಕೆ ಹಾಕಬಹುದು. ಅದಕ್ಕೇ ಅವ್ವನನ್ನು ಮೊಮ್ಮಗಳ ಜೊತೆ ಒಂದೇ ಪಿಎನ್‌ಆರ್‌ನಲ್ಲಿ ಇಟ್ಟೆವು.

ದುಡ್ಡು ಕಟ್ಟುವ ಮೊದಲು

ಆ್ಯಪ್‌ನಲ್ಲಿ ಕಂಡ ವಿಮಾನವನ್ನು ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲೂ ನೋಡಿ. ಕನ್ವೀನಿಯನ್ಸ್ ಶುಲ್ಕ (ಆನ್‌ಲೈನ್ ಬುಕಿಂಗ್‌ಗೆ ಹಾಕುವ ಹೆಚ್ಚಿನ ಹಣ), ಕೂಪನ್ ಎಲ್ಲ ಕಳೆದು ಕೂಡಿ ಕೊನೆಯ ಪರದೆಯಲ್ಲಿ ಬರುವ ಮೊತ್ತವನ್ನು ಮಾತ್ರ ಹೋಲಿಸಿ. ವಿಮೆಗೆ ಮೊದಲೇ ಟಿಕ್ ಬಿದ್ದಿದ್ದರೆ, ಬೇಡವಾದರೆ ತೆಗೆಯಿರಿ. ಸೀಟು ಆರಿಸಲು ಹಣ ಕೇಳಿದರೆ ದಾಟಿಹೋಗಬಹುದು, ಚೆಕ್‌ಇನ್ ವೇಳೆ ಕಂಪನಿಯೇ ಒಂದು ಕೊಡುತ್ತದೆ. ಅವ್ವನಿಗೆ ಮಾತ್ರ ನಡುದಾರಿ ಪಕ್ಕದ ಸೀಟಿಗೆ ದುಡ್ಡು ಕೊಟ್ಟೆವು, ಅದು ದಂಡ ಅನ್ನಿಸಲಿಲ್ಲ. ಹಿರಿಯರಿಗೆ, ವಿದ್ಯಾರ್ಥಿಗಳಿಗೆ ಕೆಲವು ಕಂಪನಿಗಳಲ್ಲಿ ಬೇರೆ ದರ ಇರುತ್ತದೆ. ಮಾಮೂಲಿ ದರವೇ ಅದಕ್ಕಿಂತ ಕಡಿಮೆ ಇರುವ ದಿನಗಳೂ ಉಂಟು, ಎರಡನ್ನೂ ನೋಡಿ.

ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ನಮ್ಮ ಕಡೆ ಹೆಸರಿನ ಮುಂದೆ ಬರೀ ಇನಿಶಿಯಲ್ ಇರುವುದರಿಂದ ಇಲ್ಲೇ ತಪ್ಪಾಗುತ್ತದೆ. ಕಂಪನಿಯ ವೆಬ್‌ಸೈಟ್‌ನಲ್ಲೇ ಬುಕ್ ಮಾಡಿ 24 ಗಂಟೆಯೊಳಗೆ ತಿಳಿಸಿದರೆ, ಅದೇ ವ್ಯಕ್ತಿಯ ಹೆಸರು ತಿದ್ದಲು ಹಣ ಕೇಳುವಂತಿಲ್ಲ. ಇದು ದೇಶದ ವಿಮಾನಯಾನದ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮ. ಹಾಗೆಯೇ ರದ್ದು ಮಾಡಿದರೆ ಹಣ ಬರುವುದಿಲ್ಲ ಎಂಬ ಟಿಕೆಟ್‌ನಲ್ಲೂ ತೆರಿಗೆ ಮತ್ತು ನಿಲ್ದಾಣದ ಶುಲ್ಕ ವಾಪಸ್ ಬರಬೇಕು. ಕೇಳಿ ಪಡೆಯಿರಿ.

ಸಹಾಯ ಬೇಕಾದಾಗ ಕಸ್ಟಮರ್ ಕೇರ್ ನಂಬರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ ಕರೆ ಮಾಡಬೇಡಿ, ಮೋಸದ ನಂಬರ್‌ಗಳು ಬಹಳ ಇವೆ. ಟಿಕೆಟ್ ಮೇಲೆ ಅಥವಾ ಕಂಪನಿಯ ಆ್ಯಪ್‌ನಲ್ಲಿ ಇರುವುದಕ್ಕೇ ಮಾಡಿ. ಹಣ ವಾಪಸ್ ಕೊಡುತ್ತೇವೆ, ಒಂದು ಆ್ಯಪ್ ಹಾಕಿಕೊಳ್ಳಿ ಅಂತ ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಹಣ ಹೋಗಿಯೇಬಿಟ್ಟಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ವಾಪಸ್ ಬರುವ ವಿಮಾನವನ್ನು ಆರಿಸುವಾಗ ಬಸ್ಸಿನ ವೇಳೆಯನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಅಕ್ಕ ಮೊದಲು ನೋಡಿದ್ದು ರಾತ್ರಿ 11ಕ್ಕೆ ಶಂಷಾಬಾದ್‌ನಲ್ಲಿ ಇಳಿಯುವ ವಿಮಾನ, ಸ್ವಲ್ಪ ಅಗ್ಗ. ಮಧ್ಯಾಹ್ನದ್ದು ತಗೊಂಡೆವು. ಅವತ್ತು ರಾತ್ರಿ ಊಟಕ್ಕೆ ಎಲ್ಲರೂ ರಾಯಚೂರಿನ ಮನೆಯಲ್ಲಿದ್ದರು.